ಮ್ಯಾಚಿಂಗ್

ನರ ತೆಗೆದು ಇವತ್ತಿಗೆ ಹದಿನೆಂಟು ದಿನ.
ನೋವು ಹೋಗಿದೆಯಲ್ಲ, ಅದೇ ಹೆದರಿಕೆ,
ಎಂದಳು ಡಾಕ್ಟರ್ ಮುಗ್ಧಾ ಸಬನೀಸ್,
ನಾರಾಯಣ ಪೇಠೆಯ ಮೊದಲ ಮಹಡಿ,
ಕೆಳಗೆ ಲಗ್ನಪತ್ರಿಕೆಯ ಅಂಗಡಿ.
ಒಳಗೆ ಪೊಳ್ಳು, ಗೋಡೆ ಎರಡೇ ಉಳಿದಿವೆ.
ಎಷ್ಟು ಜೋರು ಕಚ್ಚಿದೆ ಅಂತ ಅದಕ್ಕೀಗ ಸರಿಯಾಗಿ ತಿಳಿಯದು.
ಒಂದು ದಿನ ಹುರಿಗಡಲೆಗೆ ಸೀಳುತ್ತದೆ, ಬೇರಿನ ತನಕ.
ಆಮೇಲೆ ಕೀಳುವುದೊಂದೇ.

ಕನ್ನಡಿಯಲ್ಲಿ ತೋರಿಸಿದಳು,
ಹಲ್ಲಿನ ಅಂಚಿಗೆ ಸಣ್ಣದೊಂದು ಕಚ್ಚು.
ಇದೇನು?
ದಾರ, ಎಂದೆ ನನ್ನ ಇಂಡಿ ಕಡೆಯ ಮರಾಠಿಯಲ್ಲಿ.
ಮೂವತ್ತೊಂದು ವರ್ಷದ ದಾರ.
ಲಕ್ಷ್ಮೀ ರಸ್ತೆಯ ಹಿಂದಿನ ಓಣಿಯಲ್ಲಿ
ಎಷ್ಟು ಮದುವೆಗಳ ರವಿಕೆ ಈ ಹಲ್ಲಿನಲ್ಲೇ ಮುಗಿದವೋ.
ಕತ್ತರಿ ಕೊರಳಲ್ಲೇ ತೂಗುತ್ತಿತ್ತು,
ಬಾಯಿ ಅದಕ್ಕಿಂತ ಹತ್ತಿರ.

ಅರ್ಧ ಹೊದಿಸಬಹುದು, ಇಲ್ಲವೇ ಪೂರ್ತಿ ಕ್ಯಾಪು.
ಪೂರ್ತಿ ಅಂದರೆ ಸುತ್ತಲೂ ಅರೆಯಬೇಕು,
ಚೆನ್ನಾಗಿರುವುದನ್ನೂ.
ನನಗೆ ಅಲ್ಲೇ ಚುರುಕ್ಕೆಂದಿತು.
ಗಟ್ಟಿ ಬಟ್ಟೆಗೆ ಕತ್ತರಿ ಹಾಕಬ್ಯಾಡ ಅಂದಿದ್ದರು
ಬಾಬಾಲಾಲ್ ಮಾಸ್ತರರು, ಕತ್ತರಿ ಕೈಗಿತ್ತ ದಿನವೇ.
ಆದರೆ ಜೀರ್ಣವಾದ ರೇಷ್ಮೆಗೆ
ಕಂಕುಳಷ್ಟಕ್ಕೇ ಅಸ್ತರು ಕೊಟ್ಟರೆ
ಆ ಅಸ್ತರಿನ ಅಂಚಿಗೇ ಪಿಸಿಯುತ್ತದೆ.
ಅದನ್ನೂ ಅವರೇ ಹೇಳಿದ್ದು.
ಪೂರ್ತಿ ಹಾಕ್ರಿ, ಎಂದೆ.

ಬರೀ ಲೋಹ, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ.
ಮೂರನೆಯದರ ರೇಟಿಗೆ ಒಂದು ಓವರ್‌ಲಾಕ್ ಮಷೀನು ಬರುತ್ತದೆ,
ಸೆಕೆಂಡ್ ಹ್ಯಾಂಡು.
ನಕ್ಕರೆ ಕಾಣುವ ಹಲ್ಲು, ಯೋಚನೆ ಮಾಡಿ, ಎಂದಳು.
ದಿನಕ್ಕೆ ಎಷ್ಟು ಸಲ ನಗುತ್ತೇನೆ ಎಂದು ಲೆಕ್ಕ ಹಾಕಿ
ನಡುವಿನದು ಸಾಕು ಎಂದೆ.

ಆಗ ತೆಗೆದಳು ಬಣ್ಣದ ಪಟ್ಟಿ.
ಹದಿನಾರು ಹಲ್ಲು, ದವಡೆಯಿಲ್ಲದೆ, ಸಾಲಾಗಿ.
ತುಟಿಯ ಪಕ್ಕಕ್ಕೆ ಹಿಡಿದಳು, ಟ್ಯೂಬ್‌ಲೈಟಿನಲ್ಲಿ!
ತಡೀರಿ ತಾಯಿ.
ಎದ್ದೆ, ಕೊರಳಿಗೆ ಕಟ್ಟಿದ ಕಾಗದದ ಸಮೇತ ಕಿಟಕಿಗೆ ಹೋದೆ.
ನಾಲ್ಕು ಗಂಟೆಯ ಬಿಸಿಲು,
ಎದುರು ಗ್ಯಾಲರಿಯಲ್ಲಿ ಯಾರದೋ ಒಂಬತ್ತು ಗಜ ಒಣಗುತ್ತಿತ್ತು.
ಅವಳ ಬೆರಳು ಬೆಳ್ಳನೆಯದಕ್ಕೆ ಹೋಯಿತು.
ನಾನು ಆರಿಸಿದ್ದು ಕೆನೆಗಿಂತ ಒಂದೆಳೆ ಮಾಸಿದ್ದು.
ಬುಡದಲ್ಲಿ ಒಂಚೂರು ಚಹದ ಕಲೆಯೂ ಇರಲಿ ಎಂದೆ.
ದುಡ್ಡು ಕೊಟ್ಟು ಕಲೆಯೇ? ನಕ್ಕಳು.
ಆಚೀಚಿನವು ಅಲ್ಲೇ ಬಾಳಬೇಕಲ್ಲ, ಡಾಕ್ಟರ್,
ಅವಕ್ಕೆ ಏನನ್ನಿಸಬೇಕು?

ಮೊನ್ನೆ ಕೂರಿಸಿದರು.
ನಾಲಿಗೆ ಹೋಗಿ ಹೋಗಿ ಮುಟ್ಟುತ್ತದೆ,
ಹಳೆಯ ಕಚ್ಚನ್ನು ಹುಡುಕುತ್ತದೆ.
ಇವತ್ತು ಸಂಜೆ, ಕೊನೆಯ ಹುಕ್ಕು, ಗಿರಾಕಿ ಬಾಗಿಲಲ್ಲಿ,
ದಾರ ತಾನಾಗಿ ಬಾಯಿಯ ತನಕ ಬಂತು.
ತುಟಿಗೆ ತಾಗಿ ಒದ್ದೆಯಾಗಿ
ನಿಂತಿತು.
ಸುಗಲಾ, ಕತ್ತರಿ ಎಲ್ಲಿಟ್ಟೀಯೇ? ಎಂದೆ.
ನಿಮ್ಮ ಕೊರಳಾಗೇ ಐತಲ್ರೀ, ಎಂದಳು.