ಹಳದಿ ಓಲೆ

ಬೆಳಗ್ಗೆ ಡೇರಿಯಲ್ಲಿ ಡಿಗ್ರಿ ನೋಡಿ, ಫ್ಯಾಟು ಬರೆದು
ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ
ಪಿಳ್ಳಕ್ಕ ಬಂದು ನಿಂತಿರುತ್ತಾಳೆ,
ಸೆರಗಿನ ಗಂಟಿನಲ್ಲಿ ಫೋನು.
ಮೊದಲು ಚಿಲ್ಲರೆ ಇದ್ದ ಜಾಗ ಅದು.

ಆನೇಕಲ್ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಮ್ಮೂರು.
ರಾತ್ರಿ ಮಾಳಿಗೆ ಹತ್ತಿದರೆ ಬೆಂಗಳೂರಿನ ದೀಪ ಕಾಣುತ್ತದೆ,
ಬ್ಯಾಂಕು ಕಾಣುವುದಿಲ್ಲ.
ಬ್ಯಾಂಕಿಗೆ ಎರಡು ಬಸ್ಸು, ಒಂದು ದಿನದ ಕೂಲಿ,
"ಸರ್ವರ್ ಇಲ್ಲಮ್ಮ, ನಾಳೆ ಬಾ" ಅನ್ನುವ ಕಿಟಕಿ.
ಹಾಗಾಗಿ ಪಾಸ್‌ಬುಕ್ಕು ಗಂಡಸರ ಜೇಬಿನಲ್ಲಿರುತ್ತಿತ್ತು.
ಹುಲ್ಲು ಹೆಂಗಸರದು, ಸಗಣಿ ಹೆಂಗಸರದು,
ಹಾಲಿನ ಬಟವಾಡೆ ಮಾತ್ರ
ಎಲ್ಲೋ ಬಂದು ಎಲ್ಲೋ ಹೋಗುತ್ತಿತ್ತು.
"ಎಷ್ಟು ಬಂತು?" ಅಂದರೆ
"ಬಂತು" ಅನ್ನುತ್ತಿದ್ದನಂತೆ ಗಂಡ.

ಹೇಳಿಕೊಡಲು ಅವಳ ಕೊಟ್ಟಿಗೆಯಲ್ಲೇ ಕೂತೆ.
ಆ ಮನೆಯಲ್ಲಿ ಸಿಗ್ನಲ್ಲು ಸಿಗುವುದು ಅಲ್ಲೇ,
ಚುಕ್ಕಿ ಹಸುವಿನ ಗೋದಲಿಯ ಪಕ್ಕ.
ನನ್ನ ಫೋನಿಂದ ಒಂದು ರೂಪಾಯಿ ಕಳಿಸಿದೆ.
ಅವಳದು ಗುಂಯ್ ಅಂತು.
ತಿರುವಿ ಬೆನ್ನು ನೋಡಿದಳು,
ರೂಪಾಯಿ ಯಾವ ಸಂದಿಯಿಂದ ಬಿತ್ತೋ ಅಂತ.

ಆಮೇಲೆ ಪಿನ್ನು. ನಾಲ್ಕು ಅಂಕಿ.
"ಹುಟ್ಟಿದ ದಿನ ಇಡಬೇಡ, ಎಲ್ಲರಿಗೂ ಗೊತ್ತಿರುತ್ತೆ."
"ನಂಗೇ ಗೊತ್ತಿಲ್ವಲ್ಲಮ್ಮಿ!"
"ಯಾರಿಗೂ ಹೇಳಬಾರದು."
"ನಮ್ಮೆಜಮಾನ್ರಿಗೆ?"
"ಹೂಂಹೂಂ."
"ನಿಂಗೆ?"
"ನನಗೂ."

ಸುಮ್ಮನೆ ಕೂತಳು ಸ್ವಲ್ಪ ಹೊತ್ತು.
ಐವತ್ತೆಂಟು ವರ್ಷ ಊರವರ ಗುಟ್ಟನ್ನೆಲ್ಲ
ಹೊಟ್ಟೆಯಲ್ಲಿ ಇಟ್ಟುಕೊಂಡವಳು,
ನಿನ್ನದೂ ಒಂದು ಇರಲಿ ಅಂತ
ಅವಳಿಗೆ ಯಾರೂ ಹೇಳಿರಲಿಲ್ಲ.

"ಅಂಗಾದ್ರೆ ಆ ಕಡೀಕೆ ತಿರುಕ್ಕೋ."
ತಿರುಗಿದೆ. ಗೋಡೆಯಲ್ಲಿ ಬೆರಣಿ, ಬೆರಣಿಯಲ್ಲಿ ಅವಳ ಅಂಗೈ.
ಹಿಂದೆ ಅವಳು ಎದ್ದ ಸದ್ದು, ಹಸು ತಲೆ ಕೊಡವಿದ ಗಂಟೆ,
ವಾಪಸ್ ಬಂದು ಕೂತ ಸದ್ದು, ಒಂದು ಅಂಕಿ.
ಮತ್ತೆ ಎದ್ದಳು. ಮತ್ತೆ ಗಂಟೆ.
ಅಂಕಿಗೊಂದು ಸಲದಂತೆ ನಾಲ್ಕು ಸಲ.
"ಇನ್ನೊಂದ್ಸಲ ಒತ್ತು" ಅಂದಿತಲ್ಲ ಹಾಳು ಫೋನು,
ಇನ್ನೂ ನಾಲ್ಕು.
ಚುಕ್ಕಿಯ ಕಿವಿಯಲ್ಲಿ ಸರ್ಕಾರ ಚುಚ್ಚಿದ ಹಳದಿ ಓಲೆ ಇದೆ,
ಅದರ ಮೇಲೆ ಉದ್ದಕ್ಕೆ ನಂಬರು.
ನಾನು ಗೋಡೆಗೇ ನಕ್ಕೆ.

ಆಷಾಢದಲ್ಲಿ ಯಾವನೋ ಫೋನು ಮಾಡಿ
"ಮ್ಯಾನೇಜರ್ರು ಮಾತಾಡೋದು, ನಿಮ್ ಪಿನ್ ಹೇಳಿ" ಅಂದನಂತೆ.
"ಕಟ್ಕೊಂಡೋನ್ಗೇ ಹೇಳಿಲ್ಲ, ನೀನ್ಯಾವೂರ ದಾಸಯ್ಯನೋ!"
ಅದನ್ನು ಇಡೀ ಡೇರಿಗೆ ಅಭಿನಯಿಸಿ ತೋರಿಸಿದಳು.
ಮಾರನೇ ದಿನ ನನ್ನ ಮುಂದೆ ಹನ್ನೊಂದು ಸೆರಗಿನ ಗಂಟು ಬಿಚ್ಚಿದವು.

ಚುಕ್ಕಿ ಗಬ್ಬ ನಿಲ್ಲಲಿಲ್ಲ. ಅತ್ತಿಬೆಲೆಯವರು ಕೊಂಡರು.
ಹಗ್ಗ ಕೈ ಬದಲಿಸುವ ಮೊದಲು
"ತಡಿ, ಗುಂಯ್ ಅನ್ಲಿ" ಅಂದಳಂತೆ ಪಿಳ್ಳಕ್ಕ.
ಅಂತು.
ಆಗಲೂ ಹಗ್ಗ ಬಿಡಲು ತಡವಾಯಿತಂತೆ.

ಈಗ ಯಾರನ್ನು ನೋಡಿ ಒತ್ತುತ್ತಾಳೋ ಅಂತ ನನಗೆ ಭಯ.
ಮೊನ್ನೆ ಹಿಂಡಿ ಅಂಗಡಿಯಲ್ಲಿ ನೋಡಿದೆ:
ಎಲ್ಲೂ ನೋಡಲಿಲ್ಲ. ಬೆರಳು
ಕಿವಿಯ ಹಿಂದೆ ತುರಿಸುವ ಹಾಗೆ ನಾಲ್ಕು ಕಡೆ ಆಡಿತು.

ಡೇರಿಯ ವಿಮೆ ಪುಸ್ತಕದಲ್ಲಿ ಚುಕ್ಕಿಯ ನಂಬರು ಇನ್ನೂ ಇದೆ,
ನನ್ನದೇ ಕೈಬರಹ.
ಆ ಪುಟ ಬಂದಾಗ
ನಾನು ಆ ಕಡೀಕೆ ತಿರುಕ್ಕೊಳ್ಳುತ್ತೇನೆ.