ತೂಬಿನ ಕಲ್ಲಿನ ಮೇಲೆ

ಮಾಗಿಯ ಬೆಳಗು. ಮುಳಬಾಗಿಲ ಆಚೆಯ ಕೆರೆಯಲ್ಲಿ
ಮೊಳಕಾಲುದ್ದ ನೀರು, ಅದರೊಳಗೆ ಬಂಡೆಯ ನೆರಳು.
ನೀರಗಂಟಿ ಪಿಳ್ಳಪ್ಪ ತೂಬಿನ ಕಲ್ಲೇರಿ
ಎಣಿಸುತ್ತಾನೆ: ಹದಿನೇಳು. ಅಲ್ಲ, ಹದಿನೆಂಟು.

ತಲೆಯ ಹಿಂದೆ ಎರಡು ಕರಿಗೆರೆ,
ಯಾರೋ ಇದ್ದಿಲಲ್ಲಿ ಲೆಕ್ಕ ಬರೆದು ಮರೆತಂತೆ.
ಇರುಳೆಲ್ಲ ಅವನದೇ ಹುರುಳಿ ಮೇದು
ಈಗ ಕೊಕ್ಕು ತೊಳೆಯುತ್ತಿವೆ ಹೆಬ್ಬಾತು,
ಸಂಕೋಚವಿಲ್ಲ.

ಒಂದರ ಕೊರಳಲ್ಲಿ ಹಸಿರು ಪಟ್ಟಿ.
ದುರ್ಬೀನಿನ ಮೇಷ್ಟ್ರು ಹೇಳಿದ್ದರು:
ಹಿಮಾಲಯದಾಚೆ, ನೀರ್ಗಲ್ಲು ಕರಗಿ ತುಂಬುವ
ಸರೋವರ ಇವುಗಳ ತೌರು.

ಪಿಳ್ಳಪ್ಪನಿಗೆ ಒಂದೇ ಯೋಚನೆ:
ಅಷ್ಟು ನೀರಿಗೆ ಅಲ್ಲಿ ಗಂಟಿ ಯಾರು?
ಕಡೇ ಗದ್ದೆಯ ಸರದಿ ಎಂದು?

ಪಟ್ಟಿಯ ಹಕ್ಕಿ ಕತ್ತೆತ್ತಿ ನೋಡಿತು,
ಕೇಳಿಸಿಕೊಂಡ ಹಾಗೆ.

ಇವತ್ತು ತೂಬನ್ನು
ಗೇಣು ಕಡಿಮೆ ಎತ್ತಿದ.
ಕೆಳಗಿನವರು ಕೇಳಿದರೆ
ಪಾಚಿ ಸಿಕ್ಕಿತ್ತು ಅಂದರಾಯಿತು.