ಹದಿನಾರು ಪಾಯಿಂಟು

ಕಟಪಾಡಿಯ ಇದ್ದಿನಬ್ಬ ಟಯರನ್ನು ನೋಡುವುದಿಲ್ಲ,
ಪಕ್ಕೆಗೆ ಹೆಬ್ಬೆರಳು ಒತ್ತುತ್ತಾರೆ,
ಸಂತೆಯಲ್ಲಿ ಮಟ್ಟುಗುಳ್ಳ ಆರಿಸುವವರ ಹಾಗೆ.
"ಎಲ್ಲಿ ಓಡಿಸುವುದು ಬಾಯಮ್ಮ? ಮೊದಲು ಅದು ಹೇಳಿ."

ಪಡುಕೆರೆಯ ಹೊಯಿಗೆಯಲ್ಲಿ, ಅಂದೆ.
ಕೈರಂಪಣಿಯವರಿಗೆ ಮಂಜುಗಡ್ಡೆ ಇಳಿಸಿ
ಬೂತಾಯಿ ಹೇರಿಕೊಂಡು ಬರಬೇಕು, ಭರತ ಏರುವ ಮೊದಲು.
ಜೀಪು ಹಳೆಯದು.
ನಾಲ್ಕು ಚಕ್ರದ ಲಿವರ್ ಎಳೆಯಲು ಎರಡೂ ಕೈ ಬೇಕು,
ಕೆಲವೊಮ್ಮೆ ಒಂದು ಕಾಲು.

ಗೋಡೆಯಲ್ಲಿ ಹಲ್ಲು ಕಿರಿಯುತ್ತಿತ್ತು ಕೆಸರಿನ ಟಯರು:
ಇಟ್ಟಿಗೆಯಷ್ಟು ದಪ್ಪ ಗಟ್ಟಿ, ನಡುವೆ ಬೆರಳು ಇಳಿಯುವ ಕಾಲುವೆ.
ನನಗೆ ಅದರ ಮೇಲೇ ಮನಸ್ಸು. ಸುಳ್ಳು ಯಾಕೆ ಹೇಳಲಿ.
"ಅದು ಹೆಬ್ರಿಯ ಆಚೆಯ ಜೇಡಿಗೆ, ರಬ್ಬರ್ ತೋಟದ ಇಳಿಜಾರಿಗೆ.
ಹೊಯಿಗೆಯಲ್ಲಿ ಅದು ಓಡುವುದಿಲ್ಲ, ತೋಡುತ್ತದೆ.
ಡೆಂಜಿಯ ಹಾಗೆ ತನ್ನ ಗುಂಡಿಯಲ್ಲಿ ತಾನೇ ಕೂರುತ್ತದೆ."
ಒಳಗಿಂದ ಉರುಳಿಸಿ ತಂದರು
ಸಪ್ಪೆ ಮುಖದ, ಪಕ್ಕೆ ಮೆದುವಾದ ನಾಲ್ಕು.
ಮದುವೆಯಾಗದೆ ಉಳಿದ ಅಕ್ಕಂದಿರ ಹಾಗೆ ಸಾಲಾಗಿ ನಿಂತವು.

"ಇನ್ನು ಗಾಳಿ. ಡಾಮರಿಗೆ ಮೂವತ್ತು. ಹೊಯಿಗೆಗೆ ಹದಿನಾರು.
ಕೆಸರಿನಲ್ಲಿ ಕೋಳಿ ಹೂತುಹೋಗುತ್ತದೆ,
ಬಾತುಕೋಳಿ ಹೋಗುತ್ತದಾ? ಪಾದ, ಬಾಯಮ್ಮ, ಪಾದ.
ಗಾಳಿ ಬಿಟ್ಟರೆ ಟಯರಿನ ಹೆಜ್ಜೆ ಅಗಲಕ್ಕಿಂತ ಉದ್ದ ಆಗುತ್ತದೆ,
ಜೀಪಿನ ಭಾರ ಹಂಚಿಹೋಗುತ್ತದೆ."

ಮಟ್ಟು ಸಂಕ ದಾಟಿ, ಗಾಳಿಮರದ ಬುಡದಲ್ಲಿ
ಮುಂಜಾನೆ ಐದಕ್ಕೆ ಕುಕ್ಕರುಗಾಲಲ್ಲಿ ಕೂರುತ್ತೇನೆ.
ಮೊಳೆಯಿಂದ ವಾಲ್ವ್ ಒತ್ತಿದರೆ ಸುಸ್ಸ್...
ರಬ್ಬರಿನ, ಹಳೆಯ ಕೋಣೆಯ ವಾಸನೆ.
ಒಂದು ಟಯರಿಗೆ ಒಂಬತ್ತು ನಮಾನ್ ಮೊರಿಯೆ.
ಹತ್ತನೆಯದು ಹೇಳುವ ಹೊತ್ತಿಗೆ ಮುಳ್ಳು ಹದಿನೈದಕ್ಕೆ ಬಂದಿರುತ್ತದೆ.
ಮೇರಿಮಾತೆಗೆ ಇದು ಸರಿಯೋ ಗೊತ್ತಿಲ್ಲ.
ಗೇಜಿಗಂತೂ ಸರಿ.

ಗೋಡೆಯ ಆ ಟಯರನ್ನು ಕೊಂಡವನು ಲೀಲಾಧರ ಬಂಗೇರ.
ಹೊಸ ಗಾಡಿ, ಮೂವತ್ತೈದು ಗಾಳಿ, ಆಕ್ಸಿಲರೇಟರ್ ಮೇಲೆ ಇಡೀ ಸಿಟ್ಟು.
ಆಕ್ಸಲ್‌ವರೆಗೆ ಹೂತ ಮೇಲೆ
ಎಳೆದು ತಂದದ್ದು ನನ್ನ ಸಪ್ಪೆ ಅಕ್ಕಂದಿರು.
ಅವತ್ತು ನನಗೆ ಸ್ವಲ್ಪ ಸೊಕ್ಕು ಬಂತು.

ಹದಿನಾರೇ ಇಷ್ಟು ಒಳ್ಳೆಯದಾದರೆ ಎಂಟು?
ಮರುದಿನ ಎಂಟಕ್ಕೆ ಇಳಿಸಿದೆ. ನಿಜ, ಬೆಣ್ಣೆಯ ಹಾಗೆ ಹೋಯಿತು
ದೋಣಿ ತಪ್ಪಿಸಲು ಸ್ಟೇರಿಂಗ್ ತಿರುಗಿಸುವ ತನಕ.
ಟಕ್ಕಂತ ಒಂದು ಸದ್ದು.
ಟಯರು ರಿಮ್ಮಿನಿಂದ ಕಳಚಿ
ಕಾಲಿಂದ ಜಾರಿದ ಚಪ್ಪಲಿಯಂತೆ ಬಿದ್ದುಕೊಂಡಿತು.
ನೀರು ಏರುತ್ತಿತ್ತು. ಜಾಕು ಏರುತ್ತಿರಲಿಲ್ಲ, ಹೊಯಿಗೆಗೆ ಇಳಿಯುತ್ತಿತ್ತು.
ಬಲೆ ಬಿಟ್ಟು ಹನ್ನೊಂದು ಜನ ಓಡಿಬಂದರು,
ದೋಣಿಯ ಹಲಗೆ ಅಡಿಗಿಟ್ಟರು.
ಕರ್ಕೇರರ ಮಗಳು ಮನೆಯಿಂದ ಹಳೆಯ ಹಲ್ಲುಜ್ಜುವ ಬ್ರಶ್ಶು ತಂದಳು,
ರಿಮ್ಮಿನ ಅಂಚಿನ ಹೊಯಿಗೆ ಉಜ್ಜಿ ತೆಗೆಯಲು.
ಗಾಳಿ ನಿಲ್ಲಲಿಲ್ಲ, ಸ್ಟೆಪ್ನಿ ಹಾಕಿದೆವು.
ಮೂರು ಬುಟ್ಟಿ ಬೂತಾಯಿ ಅಲ್ಲೇ ಮೆತ್ತಗಾಯಿತು.
ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಇದ್ದಿನಬ್ಬ ಮಾತ್ರ ಕೇಳಿದರು, "ಎಷ್ಟಿತ್ತು?"
ಹನ್ನೆರಡು, ಅಂದೆ.
ಹೆಬ್ಬೆರಳು ಪಕ್ಕೆಯ ಮೇಲೆ ಜಾರಿತು.
"ಎಂಟು," ಅಂದರು, ಚಾ ಕುಡಿಯಲು ಹೋದರು.

ಈಗ ವಾಪಸು ಬರುವಾಗ ಡಾಮರು ಮುಟ್ಟುವ ಮೊದಲೇ ನಿಲ್ಲಿಸುತ್ತೇನೆ.
ಬಿಸಿ ರಸ್ತೆಯಲ್ಲಿ ಮೆದು ಟಯರು ಒಳಗೊಳಗೇ ಬೇಯುತ್ತದೆ.
ಕಾಲಿನ ಪಂಪು, ಒಂದು ಟಯರಿಗೆ ಇನ್ನೂರ ಹನ್ನೆರಡು ತುಳಿತ.
ಗಾಳಿ ಬಿಡಲು ಪ್ರಾರ್ಥನೆ, ತುಂಬಲು ಮೊಣಕಾಲು.
ಸ್ಕೂಟರಿನವರು ಪಂಚರಾ ಅಂತ ಕೇಳಿ ಹೋಗುತ್ತಾರೆ.
ಅಲ್ಲ ಅನ್ನುವಷ್ಟು ಉಸಿರು ನನ್ನಲ್ಲಿ ಇರುವುದಿಲ್ಲ.

ವಾಲ್ವಿನ ಟೊಪ್ಪಿ ನಾಲ್ಕು ಬಿಚ್ಚಿಟ್ಟರೆ
ಸಿಗುವುದು ಯಾವಾಗಲೂ ಮೂರೇ.
ಇದ್ದಿನಬ್ಬ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ,
ಉದ್ದ ಪುಸ್ತಕದಲ್ಲಿ ಬರೆದಿಡುತ್ತಾರೆ ಅಷ್ಟೇ:
ಜೆಸಿಂತಾ ಬಾಯಿ, ಟೊಪ್ಪಿ ಒಂದು.
ಮೊನ್ನೆ ಕೂಡಿಸಿ ನೋಡಿದೆವು. ಮೂವತ್ತೊಂದು.